ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಬೆಂಜ್: ಆಯಿಲ್ ಪ್ರೆಶರ್ ಇಳಿದರೆ ಮೊದಲು ಅಳೆಸಿ, ಆಮೇಲೆ ಬಿಚ್ಚಿಸಿ

ಸನಿವೇಲ್, ಫ್ರೀಮಾಂಟ್, ಸ್ಯಾಕ್ರಮೆಂಟೊ ಕಡೆಯ ಕನ್ನಡಿಗರಲ್ಲಿ ಹಳೆಯ ಮರ್ಸಿಡಿಸ್ ಮೇಲೆ ಮನಸ್ಸಿಟ್ಟವರು ಇದ್ದಾರೆ. ಅದರಲ್ಲೂ ಡಬ್ಲ್ಯು124 ಎಂಬ ಮಾದರಿಗೆ ನಮ್ಮ ಕಡೆಯ ನೆನಪೂ ಇದೆ. 1995ರಲ್ಲಿ ಪುಣೆಯಲ್ಲಿ ಜೋಡಿಸಿ ಹೊರಬಂದ ಮೊದಲ ಬೆಂಜ್ ಅದೇ. ಇಲ್ಲಿ 1986ರಿಂದ 93ರವರೆಗಿನ 300ಇ (ಡಬ್ಲ್ಯು124ರಲ್ಲೇ ಒಂದು) ಅಥವಾ ಆ ಕಾಲದ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್ನಿನ ಎಸ್ ಕ್ಲಾಸ್ ಈಗಲೂ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಿರುತ್ತದೆ. ಕೊಂಡ ತಿಂಗಳೊಳಗೆ ಹೆಚ್ಚಿನವರನ್ನು ಹೆದರಿಸುವುದು ಒಂದೇ ನೋಟ: ಸಿಗ್ನಲ್ಲಿನಲ್ಲಿ ನಿಂತಾಗ ಆಯಿಲ್ ಪ್ರೆಶರ್, ಅಂದರೆ ಎಂಜಿನ್ ಎಣ್ಣೆಯ ಒತ್ತಡ ತೋರಿಸುವ ಮುಳ್ಳು 1ರ ಕೆಳಗೆ ಜಾರಿರುತ್ತದೆ. ಗ್ಯಾರೇಜಿಗೆ ಹೋದರೆ "ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂಬ ಮಾತು ಬಂದರೂ ಬರಬಹುದು. ಆ ಮಾತು ನಿಜವಿರಬಹುದು, ಇಲ್ಲದಿರಬಹುದು. ಕಾರಿನ ಮೀಟರಿನಿಂದ ಅದನ್ನು ತೀರ್ಮಾನಿಸಲಾಗದು. ಎಂಜಿನ್ನಿಗೆ ಬೇರೆ ಗೇಜ್ ಕಟ್ಟಿ, ಬಿಸಿಯಾದ ಮೇಲೆ ಅಳೆದು, ಆ ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳುವವರೆಗೆ ಯಾವ ದೊಡ್ಡ ಕೆಲಸಕ್ಕೂ ಸಹಿ ಹಾಕಬೇಡಿ.

ಮೊದಲು ಮೀಟರ್ ಓದುವುದು ಹೇಗೆಂದು ನೋಡೋಣ. ಇದರಲ್ಲಿ 0ಯಿಂದ 3 ಬಾರ್‌ವರೆಗೆ ಮಾತ್ರ ಗುರುತಿದೆ; ಬಾರ್ ಎಂದರೆ ಒತ್ತಡದ ಅಳತೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮುಳ್ಳು ನೆಟ್ಟಗೆ 3ಕ್ಕೆ ಹೋಗಿ ಅಂಟಿಕೊಳ್ಳಬೇಕು. ಒಳಗಿನ ಒತ್ತಡ ಅದಕ್ಕಿಂತ ಹೆಚ್ಚೇ ಇರಬಹುದು, ಮೀಟರಿಗೆ ತೋರಿಸಲು ಜಾಗವಿಲ್ಲ ಅಷ್ಟೆ. ಅರ್ಧ ಗಂಟೆ 280 ಫ್ರೀವೇಯಲ್ಲಿ ಓಡಿಸಿ, ಎಕ್ಸಿಟ್ ಇಳಿದು, ಗೇರ್ ಡಿ ಯಲ್ಲೇ ಇಟ್ಟು ಬ್ರೇಕ್ ಒತ್ತಿ ನಿಂತಾಗ ಮುಳ್ಳು 1ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬರುತ್ತದೆ. ಕಾದ ಎಣ್ಣೆ ತೆಳ್ಳಗಾಗಿರುತ್ತದೆ, ಎಂಜಿನ್ ನಿಧಾನಕ್ಕೆ ತಿರುಗುವಾಗ ಪಂಪ್ ತಳ್ಳುವ ಎಣ್ಣೆಯೂ ಕಡಿಮೆ. ಬಿಸಿ ಎಂಜಿನ್ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ತಿರುಗುವ ಐಡಲ್‌ನಲ್ಲಿರುವಾಗ 0.3 ಬಾರ್‌ವರೆಗೆ ಇಳಿದರೂ ಅಪಾಯವಿಲ್ಲ, ಆದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಒತ್ತಡ ಏರಬೇಕು ಎಂಬುದು ಕಂಪನಿಯ ಕೈಪಿಡಿಯದ್ದೇ ಮಾತು. ಆ 'ಕೂಡಲೇ' ಎಂಬುದರಲ್ಲೇ ಎಲ್ಲ ಇದೆ. ಕಾಲು ಒತ್ತಿದಾಗ ಮುಳ್ಳು ಜಿಗಿದರೆ ಸರಿ, ತೆವಳಿದರೆ ಸರಿಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಎಣ್ಣೆ ಡಬ್ಬಿಯ ಚಿತ್ರವಿರುವ ದೀಪದ್ದು. ಬೇರೆ ಕಾರುಗಳಲ್ಲಿ ಆ ದೀಪ ಒತ್ತಡದ್ದು. ಈ ಬೆಂಜ್‌ಗಳಲ್ಲಿ ಅದು ಹೇಳುವುದು ಎಣ್ಣೆಯ ಮಟ್ಟವನ್ನು. ದೀಪ ಹತ್ತಿಲ್ಲವೆಂದು ಒತ್ತಡ ಇದೆಯೆಂದುಕೊಳ್ಳಬೇಡಿ.

ಫ್ರೀವೇಯಲ್ಲಿ ಹೋಗುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ "ಮುಂದಿನ ಎಕ್ಸಿಟ್‌ವರೆಗೆ ನೋಡೋಣ" ಎನ್ನಬೇಡಿ. ಆಕ್ಸಿಲರೇಟರ್ ಬಿಟ್ಟು, ಬಲಗಡೆಯ ಶೋಲ್ಡರ್‌ಗೆ ಉರುಳಿಸಿ, ಗಾಡಿ ನಿಂತ ಮೇಲೆ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗಲೇ ಆಫ್ ಮಾಡಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ. ಬೇ ಏರಿಯಾದಲ್ಲಿ 511ಕ್ಕೆ ಕರೆ ಮಾಡಿ 'ಫ್ರೀವೇ ಏಡ್' ಎಂದರೆ ಫ್ರೀವೇ ಸರ್ವಿಸ್ ಪ್ಯಾಟ್ರೋಲ್‌ಗೆ ತಲುಪುತ್ತದೆ. ಮುಖ್ಯವಾಗಿ ವಾರದ ದಿನಗಳ ದಟ್ಟಣೆಯ ಹೊತ್ತಿನಲ್ಲಿ ಓಡಾಡುವ ಈ ಟ್ರಕ್ಕಿನವರು ದುಡ್ಡು ಕೇಳುವುದಿಲ್ಲ, ಆದರೆ ಫ್ರೀವೇಯಿಂದ ಕೆಳಗಿಳಿಸಿ ಬಿಡುತ್ತಾರೆ ಅಷ್ಟೆ. ಅಲ್ಲಿಂದ ಗ್ಯಾರೇಜಿಗೆ ನಿಮ್ಮದೇ ಟೋಯಿಂಗ್ ಬೇಕು. ಕೆಟ್ಟ ಕಾರಿಗೆ ನೆರವು ಕೊಡುವ ಎಎಎ ಸಂಘದ ಸದಸ್ಯತ್ವದಲ್ಲಿ ಮೂಲ ದರ್ಜೆಗೆ ಸಿಗುವ ದೂರ ಕೆಲವೇ ಮೈಲಿ, ಪ್ಲಸ್ ದರ್ಜೆಗೆ 100 ಮೈಲಿ. ಹಳೆಯ ಕಾರಿಟ್ಟವರಿಗೆ ಪ್ಲಸ್ಸೇ ಸರಿ. ಕರೆ ಮಾಡುವಾಗಲೇ 'ಫ್ಲ್ಯಾಟ್‌ಬೆಡ್', ಅಂದರೆ ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಟ್ರಕ್ ಎಂದು ಕೇಳಿ: ಹಿಂದಿನ ಚಕ್ರ ಎಳೆಯುವ ಆಟೋಮ್ಯಾಟಿಕ್ ಗಾಡಿಯನ್ನು ಹಿಂಚಕ್ರ ನೆಲಕ್ಕಿಟ್ಟು ದೂರ ಎಳೆದರೆ ಗೇರ್‌ಬಾಕ್ಸ್ ಕೆಡುತ್ತದೆ.

ಮನೆಯಲ್ಲೇ ನೋಡಬಹುದಾದದ್ದು

ಮೊದಲು ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿಸಿ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ನೋಡಿ. ಕಡಿಮೆ ಇದ್ದರೆ ಇಲ್ಲಿನ, ನಿಮಿಷಗಳಲ್ಲಿ ಎಣ್ಣೆ ಬದಲಿಸಿಕೊಡುವ ಕ್ವಿಕ್ ಲೂಬ್ ಅಂಗಡಿಗಳ ಪದ್ಧತಿಯೇ ಕಾರಣವಿರಬಹುದು. ಅವರ ಜಾಹೀರಾತಿನ ದರದಲ್ಲಿ ಸಾಮಾನ್ಯವಾಗಿ '5 ಕ್ವಾರ್ಟ್‌ವರೆಗೆ' ಎಂದಿರುತ್ತದೆ. ಕ್ವಾರ್ಟ್ ಎಂದರೆ 0.946 ಲೀಟರ್. 300ಇಗೆ ಫಿಲ್ಟರ್ ಸೇರಿ ಬೇಕಾಗುವುದು ಸುಮಾರು 6 ಲೀಟರ್, ಅಂದರೆ 6 ಕ್ವಾರ್ಟ್‌ಗಿಂತ ಸ್ವಲ್ಪ ಹೆಚ್ಚು. ಐದಕ್ಕೇ ನಿಲ್ಲಿಸಿದರೆ ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು, ತಳದಿಂದ ಎಣ್ಣೆ ಹೀರುವ ಕೊಳವೆಯಾದ ಪಿಕಪ್ ಗಾಳಿ ಎಳೆಯುತ್ತದೆ, ಮುಳ್ಳು ಕುಸಿಯುತ್ತದೆ. ಜೊತೆಗೆ ಅಲ್ಲಿನ ಡ್ರಮ್ಮಿನಲ್ಲಿರುವುದು ಬಹುಪಾಲು 5ಡಬ್ಲ್ಯು-20 ಅಥವಾ 5ಡಬ್ಲ್ಯು-30 ದಪ್ಪದ ಎಣ್ಣೆ. ಇಂದಿನ ಕಾರುಗಳಿಗೆ ಅದು ಸರಿ. ಮೂವತ್ತು ವರ್ಷ ಸವೆದ ಈ ಎಂಜಿನ್ನಿಗೆ ಬೇಸಿಗೆಯಲ್ಲಿ ಅದು ತೀರಾ ತೆಳು. ಕೈಪಿಡಿಯಲ್ಲಿ ಹವೆಗೆ ತಕ್ಕ ದಪ್ಪದ ಪಟ್ಟಿ ಇದೆ. ಕ್ಯಾಲಿಫೋರ್ನಿಯಾದ ಬಯಲು ಪ್ರದೇಶಕ್ಕೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-50 ಹೊಂದುತ್ತದೆ. ಬಿಲ್ಲಿನಲ್ಲಿ ಯಾವ ಎಣ್ಣೆ, ಎಷ್ಟು ಕ್ವಾರ್ಟ್ ಎಂದು ಬರೆದಿರುತ್ತದೆ. ಹಳೆಯ ಬಿಲ್ ತೆಗೆದು ನೋಡಿ, ಅರ್ಧ ಉತ್ತರ ಅಲ್ಲೇ ಸಿಕ್ಕರೂ ಸಿಕ್ಕೀತು.

ಎಣ್ಣೆ ಹೆಚ್ಚಿದ್ದರೆ ಇನ್ನೂ ಎಚ್ಚರ ಬೇಕು. ಡಿಪ್‌ಸ್ಟಿಕ್ ತುದಿಯನ್ನು ಮೂಗಿನ ಹತ್ತಿರ ತನ್ನಿ. ಪೆಟ್ರೋಲ್ ವಾಸನೆ ಹೊಡೆದರೆ ಇಂಧನ ಎಣ್ಣೆಗೆ ಸೇರುತ್ತಿದೆ ಎಂದರ್ಥ. ಈ ಕಾರುಗಳಲ್ಲಿ ಸೋರುವ ಕೋಲ್ಡ್ ಸ್ಟಾರ್ಟ್ ವಾಲ್ವ್, ತೊಟ್ಟಿಕ್ಕುವ ಇಂಜೆಕ್ಟರ್, ಪೆಟ್ರೋಲ್ ಪಾಲು ಮಿತಿಮೀರಿದ 'ರಿಚ್' ಮಿಶ್ರಣ ಇದಕ್ಕೆ ಕಾರಣ. ಇಲ್ಲಿ ನಿಮ್ಮ ಸ್ಮಾಗ್ ಚೆಕ್, ಅಂದರೆ ಹೊಗೆ ಪರೀಕ್ಷೆಯ ಕಾಗದ ನೆರವಿಗೆ ಬರುತ್ತದೆ. ದೊಡ್ಡ ನಗರಗಳ ಸುತ್ತ 1999ರವರೆಗಿನ ಪೆಟ್ರೋಲ್ ಕಾರುಗಳ ಹೊಗೆಯನ್ನು ರೋಲರ್ ಮೇಲೆ ಓಡಿಸಿ ಅಳೆದು ಅಂಕಿ ಮುದ್ರಿಸಿ ಕೊಡುತ್ತಾರೆ. ಅದರಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಗರಿಷ್ಠ ಮಿತಿಗೆ ತಾಗಿಕೊಂಡಿದ್ದರೆ, ಜೊತೆಗೆ ಎಣ್ಣೆಯಲ್ಲಿ ವಾಸನೆಯೂ ಇದ್ದರೆ, ಮೊದಲು ಇಂಧನದ ಕಡೆ ಸರಿಪಡಿಸಿ, ಎಣ್ಣೆ ಬದಲಿಸಿ, ಆಮೇಲೆ ಒತ್ತಡ ಅಳೆಯಿರಿ. ಆದರೆ ಸ್ಮಾಗ್ ಪಾಸಾಗಿದ್ದಕ್ಕೂ ಎಂಜಿನ್ ಗಟ್ಟಿಯಾಗಿರುವುದಕ್ಕೂ ಸಂಬಂಧವಿಲ್ಲ. ಆ ಪರೀಕ್ಷೆಯಲ್ಲಿ ಆಯಿಲ್ ಪ್ರೆಶರ್ ನೋಡುವುದೇ ಇಲ್ಲ.

ಮುಂದೆ ಸೆಂಡರ್. ಒತ್ತಡವನ್ನು ವಿದ್ಯುತ್ ತಡೆಯಾಗಿ ಬದಲಿಸಿ ಮೀಟರಿಗೆ ಕಳಿಸುವ ಪುಟ್ಟ ಡಬ್ಬಿ ಅದು, ಆಯಿಲ್ ಫಿಲ್ಟರಿನ ಹತ್ತಿರ ಕೂತಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಬೀಗದ ಕೈ ಮಾತ್ರ ತಿರುಗಿಸಿ: ಮುಳ್ಳು 0ಯಲ್ಲೇ ಇರಬೇಕು. ಎಂಜಿನ್ ಓಡದೆಯೇ 3 ತೋರಿಸಿದರೆ ವೈರ್ ತುಂಡಾಗಿದೆ ಅಥವಾ ಸೆಂಡರ್ ಒಳಗೆ ಕಡಿದುಹೋಗಿದೆ. ಈ ವ್ಯವಸ್ಥೆಯಲ್ಲಿ ಸಂಪರ್ಕ ತಪ್ಪಿದರೆ ಮುಳ್ಳು ಮೇಲಕ್ಕೇ ಹೋಗುತ್ತದೆ, ಅದಕ್ಕೇ ಸದಾ 3 ತೋರಿಸುವ ಮೀಟರನ್ನು ನಂಬಿ ಕಾರು ಕೊಳ್ಳಬಾರದು. ಸೆಂಡರಿನ ಪ್ಲಗ್ ಕಳಚಿದಾಗ 3, ಅದೇ ವೈರನ್ನು ಕಾರಿನ ಲೋಹದ ಮೈಗೆ ತಾಗಿಸಿದಾಗ 0 ಬಂದರೆ ಮೀಟರೂ ವೈರಿಂಗೂ ಸರಿ ಇವೆ. ಮಲ್ಟಿಮೀಟರ್ ಇದ್ದರೆ ಸೆಂಡರ್‌ನ ತಡೆ ಎಂಜಿನ್ ನಿಂತಾಗ ಸುಮಾರು 10 ಓಮ್, 3 ಬಾರ್‌ನಲ್ಲಿ ಸುಮಾರು 180 ಓಮ್ ಇರಬೇಕು. ಕನೆಕ್ಟರ್ ಬಿಚ್ಚಿದಾಗ ಒಳಗೆ ಎಣ್ಣೆ ಜಿನುಗಿದ್ದರೆ ಪೊರೆ ಹರಿದಿದೆ, ಬೇರೆ ಪರೀಕ್ಷೆ ಬೇಡ, ಬದಲಿಸಿ.

ಗೇಜ್ ಕಟ್ಟಿ ಅಳೆಯುವುದು

ಈ ದೇಶದ ಒಂದು ಒಳ್ಳೆಯ ಪದ್ಧತಿ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಆಟೋಜೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳು ಸಲಕರಣೆಗಳನ್ನು ಎರವಲು ಕೊಡುತ್ತವೆ. ಪೂರ್ತಿ ಬೆಲೆಯನ್ನು ಠೇವಣಿ ಇಟ್ಟು ಆಯಿಲ್ ಪ್ರೆಶರ್ ಟೆಸ್ಟ್ ಕಿಟ್ ಒಯ್ಯಿರಿ, ಅವಧಿಯೊಳಗೆ ಕೆಡದಂತೆ ಹಿಂತಿರುಗಿಸಿದರೆ ಠೇವಣಿ ಅಷ್ಟೂ ವಾಪಸ್. ಒಂದು ಎಚ್ಚರಿಕೆ: ಆ ಕಿಟ್‌ನ ಅಡಾಪ್ಟರ್‌ಗಳು ಹೆಚ್ಚಾಗಿ ಅಮೆರಿಕನ್ ಎನ್‌ಪಿಟಿ ಅಳತೆಯ ಮರೆ (ಸ್ಕ್ರೂ ಸುತ್ತು), ಮುಂದೆ ಹೋದಂತೆ ಸಪೂರವಾಗುವಂಥವು. ಬೆಂಜ್‌ನದು ನೇರವಾದ ಮೆಟ್ರಿಕ್ ಮರೆ, ವಾಷರ್ ಒತ್ತಿ ಸೋರಿಕೆ ತಡೆಯುತ್ತದೆ. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಗದ ಅಡಾಪ್ಟರನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಹೌಸಿಂಗ್ ಮರೆ ಕಿತ್ತುಬರುತ್ತದೆ. ಬಿಚ್ಚಿದ ಸೆಂಡರನ್ನೇ ಅಂಗಡಿಗೆ ಒಯ್ದು ಅಳತೆ ನೋಡಿ ಅಡಾಪ್ಟರ್ ತನ್ನಿ.

ಗೇಜ್ ಪಿಎಸ್‌ಐಯಲ್ಲಿರುತ್ತದೆ: 3 ಬಾರ್ ಎಂದರೆ 43.5, 0.3 ಬಾರ್ ಎಂದರೆ 4ರ ಚಿಲ್ಲರೆ. ಅಳೆಯುವ ಮೊದಲು ಕನಿಷ್ಠ ಅರ್ಧ ಗಂಟೆ ಓಡಿಸಿರಬೇಕು, ಏಕೆಂದರೆ ನೀರು ಕಾದ ಎಷ್ಟೋ ಹೊತ್ತಿನ ಮೇಲೆ ಎಣ್ಣೆ ಕಾಯುತ್ತದೆ. ಬಿಸಿ ಎಂಜಿನ್ನಿಗೆ ಗೇಜ್ ಕಟ್ಟುವಾಗ ಕೈಗವಸು ಇರಲಿ. ಐಡಲ್‌ನಲ್ಲಿ ಒಮ್ಮೆ, 3000 ಆರ್‌ಪಿಎಂನಲ್ಲಿ ಒಮ್ಮೆ ಬರೆದುಕೊಳ್ಳಿ.

3000ದಲ್ಲಿ 43 ದಾಟಿದರೆ, ಐಡಲ್‌ನಲ್ಲಿ 10ರ ಮೇಲಿದ್ದರೆ ಎಂಜಿನ್ ಚೆನ್ನಾಗಿದೆ, ಸೆಂಡರ್ ಬದಲಿಸಿ ಓಡಿಸಿ. ಐಡಲ್‌ನಲ್ಲಿ ಕಡಿಮೆ ಇದ್ದು ಮೇಲೆ ಸರಿಯಿದ್ದರೆ ಎಣ್ಣೆ ತೆಳುವಾಗಿರಬಹುದು, ಇಲ್ಲವೇ ಸಹಜ ಸವೆತ. ಸರಿಯಾದ ದಪ್ಪದ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಒಂದೇ ಸಮ ಕಡಿಮೆಯಿದ್ದರೆ, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದುಕೊಂಡೇ ಇದೆಯೇ ನೋಡಬೇಕು. ಐಡಲ್‌ನಲ್ಲಿ ಸರಿಯಿದ್ದು ಆರ್‌ಪಿಎಂ ಏರಿಸಿದಂತೆ ಇಳಿದರೆ ಪಿಕಪ್ ಜಾಲರಿ ಕಟ್ಟಿದೆ. ವಿ8 ಎಂಜಿನ್‌ಗಳಲ್ಲಿ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಒಡೆದು ಚೂರುಗಳು ಅಲ್ಲಿಗೇ ಸೇರುತ್ತವೆ. ಆ ಚೂರು ಸಿಕ್ಕರೆ ಜಾಲರಿ ತೊಳೆದು ಸುಮ್ಮನಾಗಬೇಡಿ, ಗೈಡ್ ಬದಲಿಸದೆ ಓಡಿಸಿದರೆ ಚೈನ್ ಹಾರಿ ವಾಲ್ವ್ ಬಾಗುತ್ತವೆ. ಎಲ್ಲ ವೇಗದಲ್ಲೂ ಕಡಿಮೆ, ಕಾದಷ್ಟೂ ಇನ್ನೂ ಕಡಿಮೆ, ಕೆಳಗಿನಿಂದ ದಪ್ಪ ಬಡಿತದ ಸದ್ದು ಎಂದಾದರೆ ಮಾತ್ರ ಬೇರಿಂಗ್ ಮಾತು.

ಅದಕ್ಕೂ ಮುನ್ನ ಹಳೆಯ ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಹರಡಿ, ಬಿಸಿಲಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವ ಕಪ್ಪು ಚೂರು ಕಬ್ಬಿಣದ್ದು. ಅಂಟದೆ ತಾಮ್ರದ ಬಣ್ಣಕ್ಕೆ ಮಿನುಗುವುದು ಬೇರಿಂಗಿನದು. ಎಣ್ಣೆಯ ಮಾದರಿಯನ್ನು ಅಂಚೆಯಲ್ಲಿ ಕಳಿಸಿದರೆ ಸೀಸ, ತಾಮ್ರ, ತವರ, ಬೆರೆತ ಪೆಟ್ರೋಲಿನ ಪ್ರಮಾಣ ತಿಳಿಸುವ ಪ್ರಯೋಗಾಲಯಗಳೂ ಈ ದೇಶದಲ್ಲಿವೆ.

ಗ್ಯಾರೇಜಿನಲ್ಲಿ ನಿಮ್ಮ ಹಕ್ಕು

ಊರಿನಲ್ಲಿ ಮೇಸ್ತ್ರಿ ಬಾಯಿಮಾತಿನಲ್ಲೇ ಕೆಲಸ ಶುರುಮಾಡುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಕಾಗದದ ಮೇಲೆ. ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಎಂಬುದು ಇದರ ಮೇಲ್ವಿಚಾರಣೆ ನಡೆಸುವ ರಾಜ್ಯ ಸಂಸ್ಥೆ. ಗ್ಯಾರೇಜ್ ಅಲ್ಲಿ ನೋಂದಾಯಿಸಿರಲೇಬೇಕು. ಕೆಲಸಕ್ಕೆ ಮೊದಲು ಲಿಖಿತ ಅಂದಾಜು ಕೊಡಬೇಕು, ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರಿ ಹಣ ಕೇಳುವಂತಿಲ್ಲ. ಬಿಚ್ಚಿಯೇ ನೋಡಬೇಕು ಎಂದರೆ, ಬಿಚ್ಚುವ ಖರ್ಚಿನ ಜೊತೆಗೆ ನೀವು ಬೇಡವೆಂದರೆ ಮತ್ತೆ ಜೋಡಿಸಿಕೊಡುವ ಖರ್ಚೂ ಆ ಅಂದಾಜಿನಲ್ಲಿ ಇರಬೇಕು. ಇದು ಇಲ್ಲದೆ ಸಹಿ ಹಾಕಿದವರ ಕಾರು ಡಬ್ಬಿಗಳಲ್ಲಿ ಕೂತುಬಿಡುತ್ತದೆ. ತೆಗೆದ ಭಾಗಗಳು ಬೇಕಿದ್ದರೆ ಕೆಲಸ ಒಪ್ಪಿಸುವಾಗಲೇ ಕೇಳಿ, ಆಗ ಕೊಡಬೇಕಾದದ್ದು ಅವರ ಹೊಣೆ.

ವರ್ಕ್ ಆರ್ಡರ್‌ನಲ್ಲಿ 'ಲೋ ಆಯಿಲ್ ಪ್ರೆಶರ್ ಸರಿಮಾಡಿ' ಎಂದು ಬರೆಸಬೇಡಿ. ಅದು ಖಾಲಿ ಚೆಕ್ ಕೊಟ್ಟಂತೆ. 'ಮೆಕ್ಯಾನಿಕಲ್ ಗೇಜ್‌ನಿಂದ, ಪೂರ್ತಿ ಬಿಸಿಯಾದ ಮೇಲೆ, ಐಡಲ್ ಮತ್ತು 3000 ಆರ್‌ಪಿಎಂನಲ್ಲಿ ಒತ್ತಡ ಅಳೆದು ಅಂಕಿ ಬರೆದುಕೊಡುವುದು' ಎಂದಷ್ಟೇ ಬರೆಸಿ, ಆ ಕೆಲಸಕ್ಕೆ ಮಾತ್ರ ಹಣ ಒಪ್ಪಿ. ಕಾರು ಕೊಳ್ಳುವ ಮುಂಚಿನ ಪರೀಕ್ಷೆಗೂ ಇದೇ ವಾಕ್ಯ ಸೇರಿಸಿ. ಖಾಸಗಿ ಮಾರಾಟ 'ಆಸ್ ಈಸ್', ಅಂದರೆ ಇದ್ದದ್ದು ಇದ್ದಂತೆ ಆಗಿರುತ್ತದೆ. 90 ದಿನದೊಳಗಿನ ಸ್ಮಾಗ್ ಪ್ರಮಾಣಪತ್ರ ಕೊಡುವುದು ಮಾರುವವರ ಹೊಣೆ, ಎಂಜಿನ್ನಿನ ಆರೋಗ್ಯ ನೋಡಿಕೊಳ್ಳುವುದು ನಿಮ್ಮದು.

ಇಳಿಸಿದ ಎಣ್ಣೆಯನ್ನು ಚರಂಡಿಗೆ, ಮಣ್ಣಿಗೆ ಸುರಿಯುವುದು ಅಪರಾಧ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಪ್ರಮಾಣಿತ ಸಂಗ್ರಹ ಕೇಂದ್ರಕ್ಕೆ ಒಯ್ದರೆ ದುಡ್ಡಿಲ್ಲದೆ ತೆಗೆದುಕೊಳ್ಳುತ್ತಾರೆ, ಬಿಡಿಭಾಗದ ಅಂಗಡಿಗಳಲ್ಲಿ ಹಲವು ಅಂಥ ಕೇಂದ್ರಗಳೇ. ಪೆಟ್ರೋಲ್ ಅಥವಾ ಕೂಲೆಂಟ್ ಬೆರೆತ ಎಣ್ಣೆಯನ್ನು ಮಾತ್ರ ಅಲ್ಲಿ ಸುರಿಯಬೇಡಿ, ಅವರ ತೊಟ್ಟಿಯ ಎಣ್ಣೆ ಅಷ್ಟೂ ಕೆಡುತ್ತದೆ. ಅದಕ್ಕೆ ನಿಮ್ಮ ಕೌಂಟಿಯ ಮನೆಬಳಕೆಯ ಅಪಾಯಕಾರಿ ತ್ಯಾಜ್ಯ ಕೇಂದ್ರವಿದೆ. ಬಹಳ ಕಡೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಡಬ್ಬಿಯ ಮೇಲೆ ಏನು ಬೆರೆತಿದೆ ಎಂದು ಬರೆದಿಡಿ.