ಹಾಲ್‌ನಲ್ಲಿ ಹೊಂಗೆ ಮರ ನಿಲ್ಲಿಸೋದು ಹೇಗೆ

ಮರ ಬೇಡ, ಅದರ ಸದ್ದು ಸಾಕು. ಹನುಮಂತನಗರದ ನಮ್ಮ ಮನೆಯ ಹಾಲ್‌ನಲ್ಲಿ ಕಳೆದ ಏಪ್ರಿಲ್‌ನಲ್ಲಿ ನಾನು ಮಾಡಿದ್ದು ಇಷ್ಟೇ: ಕತ್ತಲೆ, ಚಾಪೆ, ಮೂರು ಸ್ಪೀಕರ್. ಬಂದವರು ಚಪ್ಪಲಿ ಬಿಟ್ಟು ಬಂದು ಮಲಗಿಕೊಂಡು ಕೇಳಬೇಕು.

ರೆಕಾರ್ಡಿಂಗಿಗೆ ಫೋನ್ ಸಾಕು. ನಾಯ್ಸ್ ರಿಡಕ್ಷನ್ ಅಂತ ಇದ್ದರೆ ಆಫ್ ಮಾಡಿ; ಅದು ಹಕ್ಕಿಯನ್ನೂ ಗಲಾಟೆ ಅಂದುಕೊಂಡು ನುಂಗಿಬಿಡುತ್ತದೆ. ಇನ್ನು ಗಾಳಿ. ಲಾಲ್‌ಬಾಗಿನ ಬಂಡೆಯ ಮೇಲೆ ಒಂದು ಬೆಳಗಿನ ಜಾವ ಮುಕ್ಕಾಲು ಗಂಟೆ ಫೋನ್ ಹಿಡಿದು ನಿಂತಿದ್ದೆ. 300 ಕೋಟಿ ವರ್ಷದ ಬಂಡೆ, ಏನೋ ಗಂಭೀರವಾದದ್ದು ಸಿಕ್ಕೀತು ಅಂತ. ಮನೆಗೆ ಬಂದು ಕೇಳಿದರೆ ಬರೀ ಭುರ್ ಭುರ್. ಹಳೇ ಸ್ವೆಟರಿನ ತುಂಡನ್ನು ಮೈಕಿನ ಮೇಲೆ ಸಡಿಲವಾಗಿ ಸುತ್ತಿ, ಮರದ ಬುಡದ ಮರೆಯಲ್ಲಿ ಫೋನ್ ಇಟ್ಟು, ಹತ್ತು ಹೆಜ್ಜೆ ದೂರ ಕೂತುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಉಸಿರೇ ಬರುತ್ತದೆ. ಫೋನ್ ಮೇಲೆ ಕಣ್ಣಿರಲಿ, ಇದು ಬೆಂಗಳೂರು.

ಹೊಂಗೆಗೆ ಮಾತ್ರ ಬೆಳಗಿನ ಜಾವ ಬೇಡ. ಹೂ ಬಿಟ್ಟ ಮರದ ಕೆಳಗೆ ಬಿಸಿಲೇರಿದ ಮೇಲೆ ನಿಂತು ನೋಡಿ. ಕಾಲ ಕೆಳಗೆ ಅರಳು ಚೆಲ್ಲಿದ ಹಾಗೆ ಹೂ, ತಲೆಯ ಮೇಲೆ ಇಡೀ ಮರವೇ ಗುಂಯ್ ಅನ್ನುತ್ತಿರುತ್ತದೆ. ಒಂದೊಂದು ಜೇನು ಕಿವಿಯ ಹತ್ತಿರ ಬಂದಾಗ ಶ್ರುತಿ ಏರಿ, ದೂರ ಹೋದಾಗ ಇಳಿಯುತ್ತದೆ. ಹದಿನೈದು ನಿಮಿಷ ಅಲುಗಾಡದೆ ಹಿಡಿಯಿರಿ.

ಕಪ್ಪೆ ಸುಲಭ. ಮಳೆ ಬಿದ್ದ ರಾತ್ರಿ, ಖಾಲಿ ಸೈಟಿನ ಹೊಂಡ.

ಎಡಿಟಿಂಗಿಗೆ ಅಡಾಸಿಟಿ ಅನ್ನೋ ಸಾಫ್ಟ್‌ವೇರ್ ಇದೆ, ಪುಕ್ಕಟೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ತೆಗೆಯಿರಿ, ಅಷ್ಟೇ. ಆಟೋ, ಸೊಪ್ಪಿನವಳ ಕೂಗು, ದೇವಸ್ಥಾನದ ಗಂಟೆ ಎಲ್ಲ ಇರಲಿ. ಮೊದಲ ಸಲ ಅವನ್ನೆಲ್ಲ ಕತ್ತರಿಸಿ ಹಾಕಿದ್ದೆ. ಉಳಿದದ್ದು ರಿಸಾರ್ಟಿನ ಲಾಬಿಯ ಹಕ್ಕಿ, ಯಾವ ಊರಿನದ್ದೋ ಏನೋ.

ಮೂರು ಸದ್ದಿಗೆ ಮೂರು ಹಳೇ ಫೋನ್, ಮೂರು ಬೇರೆ ಅಳತೆ: ಕಪ್ಪೆ 7 ನಿಮಿಷ, ಜೇನು 11, ಕುಟ್ರುಹಕ್ಕಿ 13. ಮೂರನ್ನೂ ರಿಪೀಟ್‌ಗೆ ಹಾಕಿ. ಒಟ್ಟಿಗೆ ಶುರುವಾದ ಮೂರೂ ಮತ್ತೆ ಒಟ್ಟಿಗೆ ಶುರುವಾಗೋದು 1,001 ನಿಮಿಷಕ್ಕೆ, ಅಂದರೆ 16 ಗಂಟೆ 41 ನಿಮಿಷದ ನಂತರ. ಅಷ್ಟು ಹೊತ್ತು ಯಾರೂ ಮಲಗಿರಲ್ಲ. ವೈರ್ ಹಾಕಿಯೇ ಜೋಡಿಸಿ; ಸದ್ದು ತೀರಾ ಕಮ್ಮಿಯಾದಾಗ ಕೆಲವು ಬ್ಲೂಟೂತ್ ಸ್ಪೀಕರ್ ತಾವೇ ನಿದ್ದೆ ಹೋಗುತ್ತವೆ. ಕಪ್ಪೆಯ ಸ್ಪೀಕರ್ ನೆಲದ ಮೇಲೆ, ಜೇನಿನದು ಅಟ್ಟದ ಮೇಲೆ. ವಾಲ್ಯೂಮ್, ಪಕ್ಕದವರ ಪಿಸುಮಾತು ಕೇಳಿಸುವಷ್ಟು.

ಕುಟ್ರುವಿನದನ್ನು ಕಿಟಕಿಯ ಹತ್ತಿರ ಇಡಬೇಡಿ. ನಾನು ಇಟ್ಟಿದ್ದೆ. ಐದು ನಿಮಿಷದಲ್ಲಿ ಎದುರು ಮನೆಯ ಮಾವಿನ ಮರದಿಂದ ನಿಜವಾದದ್ದು ಉತ್ತರ ಕೊಡೋಕೆ ಶುರು ಮಾಡಿತು: ಕುಟ್ರೂ, ಕುಟ್ರೂ. ಮಲಗಿದ್ದವರಿಗೆ ಭಾರೀ ಖುಷಿ. ಅದಕ್ಕೆ ಮಾತ್ರ, ಮರಿ ಮಾಡೋ ಕಾಲದಲ್ಲಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅನ್ನೋ ಆತಂಕ. ಎದ್ದು ಸ್ಪೀಕರ್ ಆರಿಸಿ, ಕಿಟಕಿ ಪೂರ್ತಿ ತೆಗೆದೆ.