32 ಜಾಗಕ್ಕೆ ಟೋನ್ ಆರಿಸಿಕೊಂಡ ಬಗೆ

ಡಿಎಕ್ಸ್7 ಕೈಗೆ ಬಂದ ಹೊಸತರಲ್ಲಿ ಸಿಕ್ಕ ಸಿಕ್ಕ ಬ್ಯಾಂಕುಗಳನ್ನೆಲ್ಲ (ಒಂದು ಬ್ಯಾಂಕ್ ಅಂದರೆ 32 ಟೋನ್‌ಗಳ, ಅಂದರೆ ನಾದಗಳ ಕಟ್ಟು) ಇಳಿಸಿಕೊಂಡೆ. 1983ರಲ್ಲಿ ಬಂದ ಯಮಹಾ ಸಿಂತ್ (ಸಿಂತಸೈಜರ್, ವಿದ್ಯುನ್ಮಾನ ಕೀಬೋರ್ಡ್ ವಾದ್ಯ) ಇದು; ಅಂದಿನಿಂದ ಜನ ಟೋನ್ ಮಾಡಿ ಹಂಚುತ್ತಲೇ ಇದ್ದಾರೆ. ಆದರೆ ಸಿಂತ್‌ನ ಒಳಗಿರುವುದು 32 ಜಾಗ ಮಾತ್ರ. ಹೊಸ ಬ್ಯಾಂಕ್ ಕಳಿಸಿದರೆ ಹಳೆಯ ಅಷ್ಟೂ ಟೋನ್ ಅಳಿಸಿಹೋಗುತ್ತವೆ. ಎರಡು ತಿಂಗಳು ಕೂತು ಮಾಡಿದ ನನ್ನ ಟೋನ್‌ಗಳು ಹೀಗೇ ಹೋದವು. ಅದರಲ್ಲಿ ಗಂಟೆಯಂಥ ಒಂದು ನಾದವಿತ್ತು. ಅದನ್ನು ಇವತ್ತಿಗೂ ಮತ್ತೆ ಹಿಡಿಯಲು ಆಗಿಲ್ಲ.

ಆಮೇಲೆ ಬ್ಯಾಕಪ್ ತೆಗೆಯದೆ ಏನನ್ನೂ ಲೋಡ್ ಮಾಡಿಲ್ಲ. ಸಿಸೆಕ್ಸ್ ಡಂಪ್ (ಸಿಂತ್‌ನೊಳಗಿನ ಟೋನ್‌ಗಳನ್ನೆಲ್ಲ ಒಂದು ಫೈಲಾಗಿ ಕಂಪ್ಯೂಟರಿಗೆ ಇಳಿಸುವುದು) ತೆಗೆದು, ತಾರೀಖು ಹಾಕಿ, ಫೈಲ್ 4104 ಬೈಟ್ ಇದೆಯೇ ನೋಡುತ್ತೇನೆ. ಒಂದು ಟೋನ್‌ಗೆ 128 ಬೈಟ್, 32ಕ್ಕೆ 4096. ಮೊದಲಿಗೆ ಇದು ಯಾವ ಡೇಟಾ ಎಂದು ಹೇಳುವ 6 ಬೈಟ್ ಹೆಡರ್, ಕೊನೆಗೆ ಡೇಟಾ ಸರಿ ಬಂದಿದೆಯೇ ಎಂದು ನೋಡುವ ಚೆಕ್‌ಸಮ್ ಒಂದು, ಮುಕ್ತಾಯದ ಗುರುತು ಎಫ್7 ಒಂದು. ಹಂಚಿಕೆಯಲ್ಲಿ ಬಂದ ಕೆಲವು ಫೈಲ್ ಬರೀ 4096 ಇರುತ್ತವೆ. ಅವುಗಳಿಗೆ ಹೆಡರೂ ಇಲ್ಲ, ಚೆಕ್‌ಸಮ್ಮೂ ಇಲ್ಲ, ಎಫ್7 ಕೂಡ ಇಲ್ಲ, ಹಾಗೇ ಕಳಿಸಿದರೆ ಸಿಂತ್ ಮಿಸುಕುವುದಿಲ್ಲ. ಆ ಮೂರನ್ನೂ ಸೇರಿಸಿಯೇ ಕಳಿಸಬೇಕು.

ನಿಜವಾದ ಕೆಲಸ ಇರುವುದು ಆರಿಸುವುದರಲ್ಲಿ. ಒಂದೇ ಟೋನ್ ಹತ್ತು ಹೆಸರಿನಲ್ಲಿ ಓಡಾಡುತ್ತಿರುತ್ತದೆ. 128 ಬೈಟ್‌ನಲ್ಲಿ ಕೊನೆಯ 10 ಹೆಸರಿಗೆ ಮೀಸಲು, ನಾದ ಇರುವುದು ಮೊದಲ 118ರಲ್ಲಿ. ಆ 118ನ್ನಷ್ಟೇ ಹೋಲಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ, ನಕಲುಗಳ ರಾಶಿಯೇ ಹೊರಬಿತ್ತು. ಉಳಿದದ್ದನ್ನು ಕಿವಿಯಿಂದಲೇ ಆರಿಸಬೇಕು. ಕೆಳಗಿನ, ಮೇಲಿನ ಸ್ವರಗಳನ್ನು ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿ, ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದು ಕೇಳುತ್ತೇನೆ. ಒತ್ತಡಕ್ಕೆ ಬಣ್ಣ ಬದಲಿಸದ ಎಫ್‌ಎಂ (ಡಿಎಕ್ಸ್7 ನಾದ ಹುಟ್ಟಿಸುವ ವಿಧಾನ) ಎಲೆಕ್ಟ್ರಿಕ್ ಪಿಯಾನೋ ನನಗೆ ಬೇಡ. ಮೂಲ ಫೈಲನ್ನು ಮಾತ್ರ, ಟೋನ್ ಮಾಡಿದವರ ಹೆಸರಿನ ಸಮೇತ, ಮುಟ್ಟದೆ ಬೇರೆ ಇಡುತ್ತೇನೆ. ಅವರ ಶ್ರಮ ಅದು.

ಇನ್ನೊಂದು ಸಂಗತಿ ತುಂಬ ದಿನ ನನ್ನನ್ನು ಸತಾಯಿಸಿತ್ತು. ಈ ಬ್ಯಾಂಕಿನಲ್ಲಿ ಪಿಚ್ ಬೆಂಡ್ ರೇಂಜ್ (ಸ್ವರ ಎಷ್ಟು ಬಾಗಬೇಕು), ಪೋರ್ಟಮೆಂಟೋ (ಸ್ವರದಿಂದ ಸ್ವರಕ್ಕೆ ಜಾರುವುದು), ಮೋನೋ-ಪಾಲಿ (ಒಮ್ಮೆಗೆ ಒಂದೇ ಸ್ವರವೋ, ಹಲವೋ), ಮಾಡ್ ವೀಲ್ (ನಾದಕ್ಕೆ ಕಂಪನ ತುಂಬುವ ಚಕ್ರ) ಸೆಟ್ಟಿಂಗ್ ಯಾವುವೂ ಬರುವುದಿಲ್ಲ. ಮೋನೋದಲ್ಲಿ ನುಡಿಸಲೆಂದು ಮಾಡಿದ ಲೀಡ್ ಟೋನ್ ಪಾಲಿಯಲ್ಲಿ ಸಪ್ಪೆ ಅನಿಸಿ ಎಷ್ಟನ್ನು ಎಸೆದಿದ್ದೆನೋ! ಈಗ ಪ್ರತಿ ಟೋನ್‌ಗೂ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಬಟನ್‌ಗಳು 16ರಂತೆ ಎರಡು ಸಾಲು. ಮೇಲಿನ ಸಾಲಿಗೆ ವೇದಿಕೆಯಲ್ಲಿ ನುಡಿಸುವವು, ಕೆಳಗಿನದಕ್ಕೆ ಇನ್ನೂ ಪರೀಕ್ಷೆಯಲ್ಲಿರುವವು. ಬೇಸ್ ಟೋನ್‌ಗಳು ಯಾವಾಗಲೂ ಎಡತುದಿಗೆ. ಕತ್ತಲಲ್ಲೂ ಬೆರಳು ತಪ್ಪುವುದಿಲ್ಲ.

ಲೋಡ್ ಮಾಡುವಾಗ ಮೆಮೊರಿ ಪ್ರೊಟೆಕ್ಟ್ (ಟೋನ್ ಅಳಿಯದಂತೆ ಕಾಯುವ ಬೀಗ) ತೆಗೆದು, ಸಿಸೆಕ್ಸ್ ಸ್ವೀಕರಿಸುವ ಸೆಟ್ಟಿಂಗ್ ಆನ್ ಮಾಡಿ, ಮಿಡಿ (ವಾದ್ಯ, ಕಂಪ್ಯೂಟರ್‌ಗಳು ಪರಸ್ಪರ ಡೇಟಾ ಕಳಿಸಿಕೊಳ್ಳುವ ಪದ್ಧತಿ) ಚಾನೆಲ್ ಹೊಂದಿಸಿದರೆ ಸಾಕು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್, ಹಾಗಾಗಿ ಇಡೀ ಬ್ಯಾಂಕ್ ಸುಮಾರು 1.3 ಸೆಕೆಂಡಿನಲ್ಲಿ ಒಳಗಿರುತ್ತದೆ. ಕೆಲವು ಯುಎಸ್‌ಬಿ-ಮಿಡಿ ಕೇಬಲ್‌ಗಳು ಉದ್ದದ ಸಿಸೆಕ್ಸನ್ನು ನಡುವೆಯೇ ನುಂಗುತ್ತವೆ. ಅದಕ್ಕೇ ಲೋಡ್ ಆದ ಕೂಡಲೇ ಸಿಂತ್‌ನಿಂದ ಮತ್ತೆ ಡಂಪ್ ತೆಗೆದು ಕಳಿಸಿದ ಫೈಲಿನೊಂದಿಗೆ ಹೋಲಿಸುತ್ತೇನೆ. 4096 ಬೈಟೂ ತಾಳೆಯಾದ ಮೇಲೆಯೇ ಮೆಮೊರಿ ಪ್ರೊಟೆಕ್ಟ್ ಮತ್ತೆ ಆನ್.