ಏಳನೇ ಕ್ಲಾಸಿನ ಗಣಿತ: ಜೂನ್‌ನಲ್ಲೇ ಹಾಕಬೇಕಾದ ವರ್ಷದ ಲೆಕ್ಕ

ಜೂನ್ ಮೊದಲ ವಾರ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿಯೇ ಕೇಳುತ್ತದೆ: "ಮೇಡಂ, ಹೋದ ವರ್ಷದ ವಾರ್ಷಿಕ ಪಾಠ ಹಂಚಿಕೆ ಇದ್ಯಾ? ಇಳಿಸ್ಕೊಂಡು ವಾಪಸ್ ಕೊಡ್ತೀನಿ." ನಾನೂ ಮೊದಲ ಏಳೆಂಟು ವರ್ಷ ಹೀಗೇ ಇಳಿಸಿಕೊಂಡವಳು. ಇಸವಿ ತಿದ್ದಿ, ಎಚ್.ಎಂ. ಸಹಿ ಹಾಕಿಸಿ ಫೈಲಿಗೆ ಸೇರಿಸಿದರೆ ಆ ಕಾಗದ ಮತ್ತೆ ಹೊರಗೆ ಬರುತ್ತಿದ್ದದ್ದು ಯಾರಾದರೂ ಶಾಲೆ ನೋಡಲು ಬಂದ ದಿನ ಮಾತ್ರ. ಫೆಬ್ರವರಿ ಹೊತ್ತಿಗೆ ಪ್ರತಿ ವರ್ಷ ನಾಲ್ಕು ಅಧ್ಯಾಯ ಬಾಕಿ. ಆಮೇಲೆ ಸ್ಪೆಷಲ್ ಕ್ಲಾಸು, ಓಟ, ಸಿಡಿಮಿಡಿ.

ಈಗ ನನ್ನ ಹತ್ತಿರ ಎರಡು ಯೋಜನೆ ಇರುತ್ತವೆ. ಒಂದು ಫೈಲಿನದು, ಅದರ ಪಾಡಿಗೆ ಅದು ಇರಲಿ. ಇನ್ನೊಂದು ಬೀರುವಿನ ಬಾಗಿಲಿಗೆ ಅಂಟಿಸಿದ ದೊಡ್ಡ ಚೌಕದ ಕ್ಯಾಲೆಂಡರ್, ಪೆನ್ಸಿಲ್ಲಿನಲ್ಲಿ ಬರೆದದ್ದು. ಈ ಬರಹ ಎರಡನೆಯದರ ಬಗ್ಗೆ. ನಾನಿರುವುದು ತೀರ್ಥಹಳ್ಳಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆರು, ಏಳು, ಎಂಟಕ್ಕೆ ಗಣಿತ ನನ್ನದೇ. ಉದಾಹರಣೆಗೆ ಏಳನೆಯದನ್ನು ತೆಗೆದುಕೊಳ್ಳುತ್ತೇನೆ. ಬಯಲುಸೀಮೆಯವರು ನನ್ನ ಮಳೆಯ ಜಾಗದಲ್ಲಿ ತಮ್ಮ ಜಾತ್ರೆ, ಸುಗ್ಗಿ ಹಾಕಿಕೊಳ್ಳಿ.

ಮೊದಲು ಪುಸ್ತಕ ತೆಗೆಯಬೇಡಿ, ದಿನ ಎಣಿಸಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟರವರೆಗೆ ವರ್ಷಕ್ಕೆ 220 ಕೆಲಸದ ದಿನ. ದಿನಕ್ಕೊಂದು ಗಣಿತದ ಅವಧಿ ಎಂದರೂ 220 ಅವಧಿ ಸಿಕ್ಕಿತು ಎಂದು ಖುಷಿಪಡುವ ಹಾಗಿಲ್ಲ, ಕಳೆಯುತ್ತಾ ಬನ್ನಿ. ಹಿಂದಿನ ತರಗತಿಯ ಕಲಿಕೆ ಗಟ್ಟಿ ಮಾಡುವ ಸೇತುಬಂಧಕ್ಕೆ 15. ನಾಲ್ಕು ರೂಪಣಾತ್ಮಕ (ಪಾಠದ ನಡುನಡುವಿನ ಚಿಕ್ಕವು), ಎರಡು ಸಂಕಲನಾತ್ಮಕ (ಅರ್ಧ ವರ್ಷಕ್ಕೊಂದರಂತೆ ದೊಡ್ಡವು) ಪರೀಕ್ಷೆ ಸೇರಿ 20. ಮಳೆ ರಜೆ 6 (ಆಮೇಲೆ ಶನಿವಾರ ಮಧ್ಯಾಹ್ನ ತುಂಬಿಸಿಕೊಡುತ್ತೇವೆ, ಆದರೆ ಹಸಿದ ಮಕ್ಕಳಿಗೆ ಮಧ್ಯಾಹ್ನ ಎರಡಕ್ಕೆ ಸಮೀಕರಣ ಹತ್ತುವುದಿಲ್ಲ, ಹಾಗಾಗಿ ನಾನದನ್ನು ಎಣಿಸುವುದಿಲ್ಲ). ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಪ್ರವಾಸ, ವಾರ್ಷಿಕೋತ್ಸವಕ್ಕೆ 12. ನನ್ನ ತರಬೇತಿ, ಸಮೀಕ್ಷೆ ಕೆಲಸ, ಜ್ವರ ಬಂದು ಮಲಗುವುದು ಎಲ್ಲ ಸೇರಿ 15. ಕೊನೆಯ ಪುನರಾವರ್ತನೆಗೆ 12. ಒಟ್ಟು 80 ಹೋಯಿತು, ಉಳಿದದ್ದು 140. ಅದರಲ್ಲೂ 12 ಅವಧಿಯನ್ನು ಏನೂ ಬರೆಯದೆ ಖಾಲಿ ಬಿಡುತ್ತೇನೆ, ತಿಂಗಳಿಗೆ ಒಂದೋ ಎರಡೋ. ಕೈಗೆ ಸಿಗುವುದು 128.

ಈ ಅಂಕಿಗಳು ನನ್ನ ಶಾಲೆಯವು. ನಿಮ್ಮವನ್ನು ನಿಮ್ಮ ಹಾಜರಿ ಪುಸ್ತಕದಿಂದಲೇ ತೆಗೆಯಿರಿ. ಹೋದ ವರ್ಷ ಯಾವ ವಾರ ಅರ್ಧ ಕ್ಲಾಸ್ ಖಾಲಿ ಇತ್ತು ಎಂದು ಅದು ಸುಳ್ಳಿಲ್ಲದೆ ಹೇಳುತ್ತದೆ. ನಮ್ಮಲ್ಲಿ ಜುಲೈ ಮಳೆ, ಮತ್ತೆ ದೀಪಾವಳಿ ಆದಮೇಲೆ ಅಡಿಕೆ ಕೊಯ್ಲು. ಕೊಯ್ಲಿನ ದಿನಗಳಲ್ಲಿ ಮನೆಯವರೆಲ್ಲ ರಾತ್ರಿ ಹನ್ನೊಂದರವರೆಗೆ ಸುಲಿಯುತ್ತಾ ಕೂರುತ್ತಾರೆ. ಮಕ್ಕಳು ಬಂದರೂ ಬೆಳಗಿನ ಮೊದಲ ಅವಧಿಯಲ್ಲಿ ತೂಕಡಿಕೆ.

ಇನ್ನು ಹಂಚಿಕೆ. ನಾನು ಕಲಿಸುವ ಪುಸ್ತಕದಲ್ಲಿ 15 ಅಧ್ಯಾಯ. 128ನ್ನು 15ರಿಂದ ಭಾಗಿಸಿ ಅಧ್ಯಾಯಕ್ಕೆ ಎಂಟೂವರೆ ಎಂದು ಹಂಚುವುದು ಎಲ್ಲರೂ ಮಾಡುವ ತಪ್ಪು. ಪೂರ್ಣಾಂಕಗಳಿಗೆ 12, ಭಿನ್ನರಾಶಿ ಮತ್ತು ದಶಮಾಂಶಕ್ಕೆ 24, ಸರಳ ಸಮೀಕರಣಕ್ಕೆ 14, ಪರಿಮಾಣಗಳ ಹೋಲಿಕೆಗೆ 14 ಕೊಡುತ್ತೇನೆ. ನಾಲ್ಕೇ ಅಧ್ಯಾಯಕ್ಕೆ 64, ಸರಿಯಾಗಿ ಅರ್ಧ ವರ್ಷ! ಉಳಿದ 11 ಅಧ್ಯಾಯ ಮಿಕ್ಕ 64ರಲ್ಲಿ ಹೊಂದಿಕೊಳ್ಳಬೇಕು, ಹೊಂದಿಕೊಳ್ಳುತ್ತವೆ ಕೂಡ. ಭಿನ್ನರಾಶಿ ಗಟ್ಟಿಯಾದ ಮಗುವಿಗೆ ಭಾಗಲಬ್ಧ ಸಂಖ್ಯೆ ಹೊಸ ಪಾಠವೇ ಅಲ್ಲ. ಸಮೀಕರಣ ಬಂದವರಿಗೆ ಬೀಜೋಕ್ತಿ ವಾರದ ಕೆಲಸ. ತಿರುಗಾಮುರುಗಾ ನೋಡಿ: ಭಿನ್ನರಾಶಿ ಕುಂಟಿದರೆ ಶೇಕಡ, ಬಡ್ಡಿ, ಸಮೀಕರಣ, ಕೊನೆಗೆ ವಿಸ್ತೀರ್ಣವೂ ಕುಂಟುತ್ತದೆ, ಆಗ ನಾಲ್ಕು ಕಡೆ ಅದನ್ನೇ ಮತ್ತೆ ಕಲಿಸಬೇಕು.

ಯಾರು ಎಲ್ಲಿ ಎಡವುತ್ತಾರೆ ಎಂದು ಪತ್ತೆ ಹಚ್ಚುವ ಸೇತುಬಂಧದ ನೈದಾನಿಕ ಪರೀಕ್ಷೆ ಹೇಗೂ ಮಾಡಲೇಬೇಕು. ಅದರ ಜೊತೆ ನನ್ನದೇ ನಾಲ್ಕು ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತೇನೆ. 3002ರಲ್ಲಿ 1478 ಕಳೆಯಿರಿ. 648ನ್ನು 6ರಿಂದ ಭಾಗಿಸಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ. 2.5 ಮತ್ತು 2.20ರಲ್ಲಿ ಯಾವುದು ದೊಡ್ಡದು? ಅಂಕ ಹಾಕುವುದಿಲ್ಲ. ಯಾರು ಏನೆಂದು ತಪ್ಪು ಬರೆದರು ಎಂಬುದನ್ನಷ್ಟೇ ಒಂದು ಪುಟದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. 648 ಭಾಗಿಸು 6 ಎಂದರೆ 18 ಬರೆದವರಿಗೆ ಭಾಗಾಕಾರ ಗೊತ್ತು, ಸೊನ್ನೆಯ ಜಾಗ ಗೊತ್ತಿಲ್ಲ. ಅದು ಎರಡು ದಿನದ ಕೆಲಸ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಬರೆದವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದವರು. ಅವರ ಸಂಖ್ಯೆ ಹೆಚ್ಚಿದ್ದರೆ 24 ಅವಧಿಯನ್ನು 26 ಮಾಡಿ, ಖಾಲಿ ದಿನದಿಂದ ಎರಡು ತೆಗೆಯಿರಿ.

ನಾಲ್ಕನೆಯ ಲೆಕ್ಕದ ಕಥೆ ಹೇಳಲೇಬೇಕು. ಒಬ್ಬ ಹುಡುಗ 2.20 ದೊಡ್ಡದು ಅಂತ ಬರೆದಿದ್ದ. ಇಪ್ಪತ್ತು ಐದಕ್ಕಿಂತ ದೊಡ್ಡದು ಅಂದುಕೊಂಡಿದ್ದಾನೆ, ಮಾಮೂಲಿ ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಮಾರನೇ ದಿನ ಅವನು ಬಂದು, "ಮಿಸ್, ನಮ್ಮ ಪಹಣೀಲಿ 2.20 ಇದೆ. ಅಪ್ಪ ಎರಡೂವರೆ ಎಕರೆ ಅಂತಾರೆ. 2.5 ಅಂದ್ರೆ ಎರಡೆಕರೆ ಐದು ಗುಂಟೆ ಅಷ್ಟೇ ಅಲ್ವಾ?" ಅಂದ. ನಾನು ಒಂದು ನಿಮಿಷ ಸುಮ್ಮನೆ ನಿಂತೆ. ಎಕರೆಗೆ 40 ಗುಂಟೆ. ಪಹಣಿಯ ಚುಕ್ಕಿಯ ಲೆಕ್ಕದಲ್ಲಿ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಅವನಿಗೆ ತಿಳಿಯದೇ ಇದ್ದದ್ದು ಚುಕ್ಕಿಯ ಮುಂದೆ ಎಷ್ಟಕ್ಕೆ ಒಂದು ಪೂರ್ಣವಾಗುತ್ತದೆ ಎಂಬ ಪ್ರಶ್ನೆ. ಅದನ್ನು ನಾನು ಯಾವತ್ತೂ ಕ್ಲಾಸಿನಲ್ಲಿ ಕೇಳಿಯೇ ಇರಲಿಲ್ಲ.

ಅಂದಿನಿಂದ ದಶಮಾಂಶದ ಮೊದಲ ಎರಡು ಅವಧಿ ಸುಳ್ಳು ಚುಕ್ಕಿಗಳಿಗೆ ಮೀಸಲು. ಮನೆಯಿಂದ ಪಹಣಿಯ ನಕಲು, ಬಸ್ಸಿನ ವೇಳಾಪಟ್ಟಿ, ಡೈರಿಯ ಚೀಟಿ ತರಿಸುತ್ತೇನೆ. ಕ್ರಿಕೆಟ್ ಸ್ಕೋರು ಹುಡುಗರ ಬಾಯಲ್ಲೇ ಇರುತ್ತದೆ. ಬೋರ್ಡಿನ ಮೇಲೆ ಒಂದೇ ಲೆಕ್ಕ: 1.30ಕ್ಕೆ 1.30 ಕೂಡಿಸಿ. ಪಹಣಿಯಲ್ಲಿ ಮೂರೆಕರೆ ಇಪ್ಪತ್ತು ಗುಂಟೆ. ಗಡಿಯಾರದಲ್ಲಿ ಮೂರು ಗಂಟೆ. ಡೈರಿ ಚೀಟಿಯ ಲೀಟರಿನಲ್ಲಿ 2.60. ಓವರಿನಲ್ಲಿ 1.3 ಮತ್ತು 1.3 ಸೇರಿದರೆ ಮೂರು ಓವರು. 4.6 ಓವರು ಅಂತ ಸ್ಕೋರಿನಲ್ಲಿ ಯಾಕೆ ಕಾಣುವುದಿಲ್ಲ ಎಂದು ಕೇಳಿ ನೋಡಿ, ಹಿಂದಿನ ಬೆಂಚು ಎದ್ದು ನಿಲ್ಲುತ್ತದೆ. ಹತ್ತಕ್ಕೆ ಒಂದಾಗುವ ಚುಕ್ಕಿ ಮಾತ್ರ ನಮ್ಮ ದಶಮಾಂಶ, ಹೆಸರಿನಲ್ಲೇ ದಶ ಇದೆ ಎನ್ನುವುದು ಆಮೇಲೆ ಒಂದೇ ಮಾತಿನ ಕೆಲಸ.

ಪೂರ್ಣಾಂಕಕ್ಕೂ ನಮ್ಮ ಭಾಷೆಯಲ್ಲೇ ದಾರಿ ಇದೆ. ಋಣ ಅಂದರೆ ಸಾಲ, ಧನ ಅಂದರೆ ದುಡ್ಡು. 628ರಲ್ಲಿ ಬ್ರಹ್ಮಗುಪ್ತ ನಿಯಮ ಬರೆದಾಗ ಬಳಸಿದ ಪದಗಳೂ ಇವೇ. ಅಂಗಡಿಯ ಉದ್ರಿ ಪುಸ್ತಕದಲ್ಲಿ ಮೂರು ಮೂರು ರೂಪಾಯಿಯ ಎರಡು ಸಾಲ ಹೊಡೆದು ಹಾಕಿದರೆ ನಿನಗೆ ಎಷ್ಟು ಲಾಭ? ಆರು. ಋಣ ಎರಡು ಗುಣಿಸು ಋಣ ಮೂರು ಧನ ಆರು ಆಗುವುದು ಹಾಗೆ.

ಅಧ್ಯಾಯಗಳ ಕ್ರಮ ಪುಸ್ತಕದಲ್ಲಿ ಇದ್ದಂತೆಯೇ ಹೋಗಬೇಕು ಅಂತಿಲ್ಲ, ಆಯಾ ಪರೀಕ್ಷೆಗೆ ನಿಗದಿಯಾದ ಪಾಠ ಅಷ್ಟರೊಳಗೆ ಮುಗಿದರೆ ಸಾಕು. ನಾನು ಮಳೆ ನೋಡಿ ಜೋಡಿಸುತ್ತೇನೆ. ಜುಲೈ ಮಳೆಯಲ್ಲಿ 23 ಮಕ್ಕಳಲ್ಲಿ ಒಂಬತ್ತು ಜನ ಬಂದ ದಿನ ಹೊಸ ವಿಷಯ ತೆಗೆದರೆ ಅದನ್ನು ಇನ್ನೊಮ್ಮೆ ಕಲಿಸಬೇಕಾಗುತ್ತದೆ. ಆ ದಿನಗಳಿಗೆ ದತ್ತಾಂಶ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ಡಬ್ಬವೊಂದನ್ನು ಅಂಗಳದಲ್ಲಿ ಇಟ್ಟು, ದಿನಾ ಬೆಳಿಗ್ಗೆ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ಎಂದು ಬರೆದು ನೀರು ಚೆಲ್ಲುವುದು. ಬಂದವರು ಅಳೆಯುತ್ತಾರೆ, ಬಾರದವರು ಬಂದಮೇಲೆ ಪಟ್ಟಿಗೆ ಸೇರಿಕೊಳ್ಳುತ್ತಾರೆ. ಎರಡು ವಾರದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಮೂರಕ್ಕೂ ಅಂಕಿ ಸಿಗುತ್ತದೆ. ಒಂದೇ ದಿನ ಧೋ ಎಂದು ಸುರಿದರೆ ಸರಾಸರಿ ಎಲ್ಲಿಗೋ ಹೋಗುತ್ತದೆ, ಮಧ್ಯಾಂಕ ಅಲ್ಲಾಡುವುದಿಲ್ಲ. ಇದನ್ನು ಪುಸ್ತಕಕ್ಕಿಂತ ಡಬ್ಬ ಚೆನ್ನಾಗಿ ತೋರಿಸುತ್ತದೆ. ಸಮ್ಮಿತಿಯನ್ನು ಕೊಯ್ಲಿನ ತೂಕಡಿಕೆಯ ವಾರಕ್ಕೆ ಇಟ್ಟುಕೊಳ್ಳುತ್ತೇನೆ, ಚುಕ್ಕಿ ರಂಗೋಲಿ ಹಾಕುತ್ತಾ ಯಾರೂ ನಿದ್ದೆ ಮಾಡುವುದಿಲ್ಲ. ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ, ಗಣಿತ ದಿನ. ಆಚರಣೆ ಹೇಗೂ ಇರುತ್ತದೆ, ಆ ವಾರ ಘನಾಕೃತಿಗಳ ಮಾದರಿ ಮಾಡಿಸಿದರೆ ಪ್ರದರ್ಶನವೂ ಆಯಿತು, ಪಾಠವೂ ಮುಗಿಯಿತು.

ಸುತ್ತಳತೆ, ವಿಸ್ತೀರ್ಣ ಜನವರಿಗೆ, ಮೈದಾನ ಒಣಗಿದ ಮೇಲೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ತೆಂಗಿನ ಹಗ್ಗ, ನಾಲ್ಕು ಗೂಟ, ಸುಣ್ಣದ ಪುಡಿ ಕೊಟ್ಟು ಗುಂಪಿಗೊಂದು ಗುಂಟೆ ಗುರುತಿಸಲು ಹೇಳುತ್ತೇನೆ. ಹೋದ ಸಲ ಒಂದು ಗುಂಪಿನ ಗುಂಟೆ ನೋಡಲು ಸ್ವಲ್ಪ ವಾಲಿದ ಹಾಗಿತ್ತು. ನಾಲ್ಕೂ ಬದಿ ಅಳೆದರೆ 33 ಅಡಿಯೇ. "ನಮ್ದು ಸರಿ ಇದೆ ಮಿಸ್" ಎಂದು ಹಟ. ಮೂಲೆಯಿಂದ ಮೂಲೆಗೆ ಅಳೆಯಿರಿ ಎಂದೆ: ಒಂದು ಕರ್ಣ 50 ಅಡಿ, ಇನ್ನೊಂದು 43. ಸುತ್ತಳತೆ ನೇರ ಗುಂಟೆಗೂ ವಾಲಿದ್ದಕ್ಕೂ 132 ಅಡಿಯೇ, ಆದರೆ ಇವರ ಗುಂಟೆಯಲ್ಲಿ ಜಾಗ ಸುಮಾರು 1075 ಚದರಡಿ. "ಹದಿನಾಲ್ಕು ಅಡಿ ಜಾಗ ಯಾರು ಹೊಡೆದ್ರು?" ಅಂತ ಒಬ್ಬಳು ಕೇಳಿದಳು. ಸಮಾಂತರ ಚತುರ್ಭುಜಕ್ಕೆ ಪಾದ ಗುಣಿಸು ಎತ್ತರ ಯಾಕೆ, ಪಕ್ಕದ ಬದಿ ಯಾಕಲ್ಲ ಎಂದು ಆ ಸಲ ನಾನು ವಿವರಿಸಲೇ ಇಲ್ಲ. ಈ ಒಂದು ಕೆಲಸಕ್ಕೆ ಮೂರು ಅವಧಿ ಬೇಕು. ಪಕ್ಕದ ಅವಧಿಯ ಶಿಕ್ಷಕರನ್ನು ಕೇಳಿ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಿ.

ಬಡ್ಡಿಯ ಲೆಕ್ಕಕ್ಕೆ ಬಂದಾಗ ಊರಿನ ಮಾತಿನಿಂದ ಶುರು ಮಾಡಿ. "ನೂರಕ್ಕೆ ಎರಡು" ಎಂದರೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಶೇಕಡ 24. ಪುಸ್ತಕದ ಶೇಕಡ ವರ್ಷದ್ದು. ಎರಡೂ ಒಂದೇ ಎಂದುಕೊಂಡ ಮಗು ಮನೆಯಲ್ಲಿ ಕೇಳಿದ ಲೆಕ್ಕ ಹೊಂದದೆ ಒದ್ದಾಡುತ್ತದೆ.

ಪ್ರತಿ ಸೋಮವಾರ ಮೊದಲ ಹತ್ತು ನಿಮಿಷ ಕ್ಯಾಲೆಂಡರಿನಲ್ಲಿ "ಹಳೇ ಬಾಕಿ" ಎಂದಿರುತ್ತದೆ. ಮೂರು ಲೆಕ್ಕ: ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು, ಹಿಂದಿನ ತರಗತಿಯದ್ದೊಂದು. ಇದಕ್ಕೆ ಬೇರೆ ಅವಧಿ ಬೇಕಿಲ್ಲ. ನಿಲ್ಲಿಸಬಾರದು, ಅಷ್ಟೇ, ನಾನು ಒಂದು ವರ್ಷ ಆಗಸ್ಟಿನಲ್ಲಿ ನಿಲ್ಲಿಸಿ, ಸಂಕಲನಾತ್ಮಕ ಪರೀಕ್ಷೆಯಲ್ಲಿ ಐದನೇ ಎರಡುಗಳ ಮೆರವಣಿಗೆಯನ್ನೇ ನೋಡಿದೆ.

ಆರು, ಎಂಟನೇ ತರಗತಿಯೂ ನಿಮ್ಮದೇ ಆದರೆ ಮೂರರ ಕ್ಯಾಲೆಂಡರನ್ನು ಅಕ್ಕಪಕ್ಕ ಇಟ್ಟು ಬರೆಯಿರಿ. ಆರಕ್ಕೂ ಏಳಕ್ಕೂ ಭಿನ್ನರಾಶಿ ಒಂದೇ ತಿಂಗಳಲ್ಲಿ ಬಂದರೆ ಕತ್ತರಿಸಿದ ಕಾಗದದ ಪಟ್ಟಿ ಎರಡು ಕಡೆಗೂ ಆಗುತ್ತದೆ, ಏಳನೆಯವರಲ್ಲಿ ಹಿಂದುಳಿದ ಒಂದಿಬ್ಬರು "ಚಿಕ್ಕವರಿಗೆ ಹೇಳಿಕೊಡಿ" ಎಂಬ ನೆಪದಲ್ಲಿ ತಾವೂ ಕಲಿಯುತ್ತಾರೆ. ಮೂರೂ ತರಗತಿಯ ಕಿರುಪರೀಕ್ಷೆ ಮಾತ್ರ ಒಂದೇ ವಾರ ಬೀಳದ ಹಾಗೆ ನೋಡಿಕೊಳ್ಳಿ, ತಿದ್ದುವವರು ನೀವೇ.

ದಸರಾ ರಜೆ ಮುಗಿದ ದಿನ ಒಂದು ಸಲ, ಸಂಕ್ರಾಂತಿ ಆದಮೇಲೆ ಒಂದು ಸಲ ಕೂತು ಉಳಿದ ಅವಧಿ ಮತ್ತೆ ಎಣಿಸಿ. ಕಡಿಮೆ ಬಿದ್ದರೆ ಮೊದಲು ಖಾಲಿ ದಿನ ಬಳಸಿ. ಅದೂ ಸಾಲದಿದ್ದರೆ ಪ್ರಾಯೋಗಿಕ ರೇಖಾಗಣಿತವನ್ನು ತ್ರಿಭುಜಗಳ ಸರ್ವಸಮತೆಯ ಜೊತೆಗೇ ಮುಗಿಸಿ: ಬಾಹು-ಬಾಹು-ಬಾಹು ಎಂದು ಬಾಯಲ್ಲಿ ಹೇಳಿಸುವಾಗಲೇ ಕೈಯಲ್ಲಿ ಕೈವಾರ ಕೊಟ್ಟರೆ ಮೂರು ನಾಲ್ಕು ಅವಧಿ ಉಳಿಯುತ್ತದೆ. ಭಿನ್ನರಾಶಿಯಿಂದ ಮಾತ್ರ ಒಂದು ಅವಧಿಯನ್ನೂ ಕದಿಯಬೇಡಿ.

ಏಪ್ರಿಲ್ ರಜೆಗೆ ಬೀಗ ಹಾಕುವ ಮೊದಲು ಕ್ಯಾಲೆಂಡರ್ ಬಿಚ್ಚಿ ಹಿಂಬದಿಯಲ್ಲಿ ಮುಂದಿನ ಜೂನ್‌ಗೆ ಟಿಪ್ಪಣಿ ಬರೆಯಿರಿ, ರಜೆ ಕಳೆದರೆ ಎಲ್ಲ ಮರೆತಿರುತ್ತದೆ. ಈ ಸಲದ ನನ್ನ ಟಿಪ್ಪಣಿ ಹೀಗಿದೆ: "ಘಾತಾಂಕಕ್ಕೆ 6 ಸಾಲಲಿಲ್ಲ, 8 ಬೇಕು. ಮಳೆ ಡಬ್ಬ ಅಡುಗೆಮನೆ ಸೂರಿನಿಂದ ದೂರ ಇಡಬೇಕು, ಹನಿ ಬೀಳುತ್ತೆ. ಹಗ್ಗ 60 ಅಡಿ ತರಬೇಕು."